ಕೀ ಕೊಡುವ ವಾಚಿನೊಡನೆ ಆರು ವರ್ಷ: ಎಚ್‌ಎಂಟಿ ಜನತಾ

1979ರಲ್ಲಿ ಮದುವೆಯ ಹೊತ್ತಿಗೆ ಹೆಣ್ಣಿನ ಮನೆಯವರು ನನ್ನ ತಂದೆಯವರಿಗೆ ಉಡುಗೊರೆಯಾಗಿ ಕೊಟ್ಟ ಎಚ್‌ಎಂಟಿ ಜನತಾ ಕೈಗಡಿಯಾರವನ್ನು ನಾನು ಕಳೆದ ಆರು ವರ್ಷಗಳಿಂದ ದಿನವೂ ಕಟ್ಟಿಕೊಳ್ಳುತ್ತಿದ್ದೇನೆ. ಮನೆಗೆ ಬ್ಯಾಟರಿಯ ವಾಚು ಬಂದ ಮೇಲೆ ಅದು ಸುಮಾರು ಇಪ್ಪತ್ತು ವರ್ಷ ಬೀರುವಿನಲ್ಲಿ ಮಲಗಿತ್ತು. ಇಂಥ ವಾಚನ್ನು ಈಗ ಕೊಳ್ಳಬಹುದೇ, ಮನೆಯಲ್ಲಿರುವ ಹಳೆಯದನ್ನು ಮತ್ತೆ ನಡೆಸಬಹುದೇ ಎಂದು ಕೇಳುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ಇಂದಿಗೂ ನಿತ್ಯದ ಬಳಕೆಗೆ ತಕ್ಕ, ನಂಬಬಹುದಾದ ವಾಚು. ಆದರೆ ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದರಲ್ಲಿ ಕಾರ್ಖಾನೆಯ ಪಾಲು ಎಷ್ಟಿದೆಯೋ, ದಿನವೂ ಅದಕ್ಕೆ ಕೀ ಕೊಡುವವರ ಪಾಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಹಾಗಾಗಿ ಈ ವಿಮರ್ಶೆಯ ಬಹುಭಾಗ ಕೀ ಕೊಡುವ ಕ್ರಮಕ್ಕೂ ಆರೈಕೆಗೂ ಮೀಸಲಾಗಿದೆ.

ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಯಂತ್ರೋಪಕರಣಗಳ ಕಾರ್ಖಾನೆಯಾಗಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರಗಳ ತಯಾರಿಕೆ ಅಲ್ಲಿ ಮೊದಲಾಯಿತು, ಮುಂದೆ ತುಮಕೂರಿನಲ್ಲಿಯೂ ವಾಚು ಕಾರ್ಖಾನೆ ಬಂದಿತು. ಕೇಂದ್ರ ಸಚಿವ ಸಂಪುಟ 2016ರಲ್ಲಿ ವಾಚು ವಿಭಾಗವನ್ನು ಮುಚ್ಚುವ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟಿತು. ಕೊಳ್ಳುವವರು ಈ ಇತಿಹಾಸವನ್ನು ತಿಳಿದಿರಬೇಕಾದದ್ದು ಒಂದು ಕಾರಣಕ್ಕೆ. ಜನತಾ, ಪೈಲಟ್ ಮುಂತಾದ ಮಾದರಿಗಳಲ್ಲಿ ದೀರ್ಘಕಾಲ ಬಳಕೆಯಾದದ್ದು ಸಿಟಿಜನ್ ವಿನ್ಯಾಸದಿಂದ ಬಂದ 0231 ಎಂಬ ಒಂದೇ ಯಂತ್ರ. ಡಯಲ್ ಬೇರೆ, ಮುಳ್ಳುಗಳು ಬೇರೆ, ಹೊರಕವಚ ಬೇರೆ. ಒಳಗಿನ ಯಂತ್ರ ಮಾತ್ರ ಅದೇ. ಲಕ್ಷಗಟ್ಟಲೆ ತಯಾರಾದ ಯಂತ್ರವಾದ್ದರಿಂದ, ಕಾರ್ಖಾನೆ ಮುಚ್ಚಿದ ಮೇಲೂ ಬೇರೊಂದು ಕೆಟ್ಟ ವಾಚಿನಿಂದ ಬಿಡಿಭಾಗ ತೆಗೆದು ಹಾಕುವುದು ಸಾಧ್ಯವಾಗುತ್ತಿದೆ. ಎಷ್ಟೋ ವಿದೇಶಿ ಹಳೆಯ ವಾಚುಗಳಿಗೆ ಇಲ್ಲದ ಅನುಕೂಲವಿದು.

ವಾಚಿನ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಗಲ ಸುಮಾರು 35 ಮಿಲಿಮೀಟರ್, ಪಟ್ಟಿಯ ಅಗಲ 18 ಮಿಲಿಮೀಟರ್. ಇಂದಿನ ದೊಡ್ಡ ವಾಚುಗಳಿಗೆ ಒಗ್ಗಿದ ಕಣ್ಣಿಗೆ ಮೊದಲು ಚಿಕ್ಕದೆನಿಸುತ್ತದೆ, ವಾರದೊಳಗೆ ಆ ಭಾವನೆ ಹೋಗುತ್ತದೆ. ಅಂಗಿಯ ತೋಳಿನ ಕೆಳಗೆ ಅದು ಸಲೀಸಾಗಿ ಸರಿಯುವುದನ್ನು ಕಂಡ ಮೇಲೆ ನನಗೆ ದೊಡ್ಡ ವಾಚುಗಳೇ ಭಾರವೆನಿಸತೊಡಗಿವೆ. ಬಿಳಿಯ ಡಯಲ್ಲಿನ ಮೇಲೆ ದೇವನಾಗರಿಯಲ್ಲಿ ‘ಜನತಾ’ ಎಂದು ಬರೆದಿದೆ. ತಾರೀಖಿನ ಕಿಂಡಿ ಇಲ್ಲ. ದಿನವೂ ಕೈಯಿಂದ ನಡೆಸುವ ವಾಚಿಗೆ ಇದು ಕೊರತೆಯಲ್ಲ, ಉಪಕಾರವೆಂದೇ ನಾನು ಹೇಳುತ್ತೇನೆ. ವಾಚು ನಿಂತು ಹೋದಾಗ ಸಮಯವೊಂದನ್ನೇ ಸರಿಪಡಿಸಿದರೆ ಸಾಕು, ತಾರೀಖು ತಿರುಗಿಸುವ ಗೋಜಿಲ್ಲ.

ಕೀ ಕೊಡುವಾಗ ಒಳಗೆ ನಡೆಯುವುದನ್ನು ಒಮ್ಮೆ ತಿಳಿದುಕೊಂಡರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಯಂತ್ರದೊಳಗೆ ಒಂದು ದುಂಡನೆಯ ಪುಟ್ಟ ಡಬ್ಬಿ ಇರುತ್ತದೆ, ಅದರೊಳಗೆ ಉದ್ದನೆಯ ತೆಳ್ಳಗಿನ ಲೋಹದ ಪಟ್ಟಿಯೊಂದು ಸುರುಳಿಯಾಗಿ ಕುಳಿತಿರುತ್ತದೆ. ಇದೇ ಮುಖ್ಯ ಸ್ಪ್ರಿಂಗ್. ನಾವು ಕೀ ತಿರುಗಿಸಿದಂತೆ ಆ ಸುರುಳಿ ನಡುವಿನ ಕಂಬಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಹಲ್ಲಿನ ಚಕ್ರವೊಂದಕ್ಕೆ ತಗುಲಿಕೊಂಡಿರುವ ಚಿಕ್ಕ ಕೊಕ್ಕೆ ಅದು ಒಮ್ಮೆಗೇ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುತ್ತದೆ. ಕೀ ಕೊಡುವಾಗ ಕೇಳುವ ‘ಕಿರ್ರ್ ಕಿರ್ರ್’ ಎಂಬ ಸದ್ದು ಆ ಕೊಕ್ಕೆಯದು. ಹೀಗೆ ಕೂಡಿಟ್ಟ ಬಲ ಚಕ್ರದಿಂದ ಚಕ್ರಕ್ಕೆ ಹರಿದು ಬ್ಯಾಲೆನ್ಸ್ ಚಕ್ರವನ್ನು ತಲುಪುತ್ತದೆ. ಅದು ಅತ್ತಿತ್ತ ತೂಗುತ್ತಾ ಸೆಕೆಂಡಿಗೆ ಐದು ಸಲ, ಅಂದರೆ ದಿನಕ್ಕೆ 4,32,000 ಸಲ ಮಿಡಿಯುತ್ತದೆ. ಆ ಮಿಡಿತಗಳಿಗೆಲ್ಲ ಬೇಕಾದ ಶಕ್ತಿ ಬರುವುದು ಬೆಳಿಗ್ಗೆ ನಮ್ಮ ಎರಡು ಬೆರಳು ಮಾಡಿದ ಅರ್ಧ ನಿಮಿಷದ ಕೆಲಸದಿಂದ. ಆರು ವರ್ಷಗಳಾದರೂ ಈ ಲೆಕ್ಕ ನನಗೆ ಹಳೆಯದಾಗಿಲ್ಲ.

ಕೀ ಕೊಡುವ ಮೊದಲು ವಾಚನ್ನು ಕೈಯಿಂದ ಬಿಚ್ಚಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಬೆರಳು ಕೀಯನ್ನು ಓರೆಯಾಗಿ ಎಳೆಯುತ್ತದೆ, ಅದರ ಸಣ್ಣ ದಂಡ ದಿನೇ ದಿನೇ ಒಂದೇ ಕಡೆಗೆ ಸವೆಯುತ್ತದೆ. ನನ್ನ ತಂದೆಯವರು ಸ್ನಾನ ಮುಗಿಸಿ, ಕೈ ಚೆನ್ನಾಗಿ ಒಣಗಿದ ಮೇಲೆ, ಗೂಡಿನಿಂದ ವಾಚನ್ನು ತೆಗೆದು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಕೀ ಕೊಡುತ್ತಿದ್ದರು. ಆಕಾಶವಾಣಿಯ ಬೆಳಗಿನ ವಾರ್ತೆ ಶುರುವಾಗುವ ಕ್ಷಣಕ್ಕೆ ಸಮಯ ಹೊಂದಿಸಿ, ಆಮೇಲೆ ಕಟ್ಟಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಅದೊಂದು ಅಭ್ಯಾಸ ಎಂದಷ್ಟೇ ತಿಳಿದಿದ್ದೆ. ಒಣಗಿದ ಕೈ, ಬಿಚ್ಚಿದ ವಾಚು, ದಿನವೂ ಅದೇ ಹೊತ್ತು ಎಂಬ ಮೂರಕ್ಕೂ ಕಾರಣವಿದೆ ಎಂಬುದು ನಾನೇ ಬಳಸತೊಡಗಿದ ಮೇಲೆ ಅರ್ಥವಾಯಿತು.

ನನ್ನ ವಾಚಿಗೆ ದಿನಕ್ಕೆ 20ರಿಂದ 25 ಸಲ ಬೆರಳು ಮುಂದಕ್ಕೆ ಜಾರಿಸಿದರೆ ಸಾಕಾಗುತ್ತದೆ. ಆದರೆ ಎಣಿಕೆಯನ್ನು ನಂಬುವುದಕ್ಕಿಂತ ಬೆರಳನ್ನು ನಂಬುವುದು ಮೇಲು. ಮೊದಮೊದಲು ಕೀ ಹಗುರವಾಗಿ ತಿರುಗುತ್ತದೆ, ಕೊನೆಯ ನಾಲ್ಕೈದು ಸುತ್ತಿನಲ್ಲಿ ಬಿಗಿ ಏರುತ್ತದೆ, ಕೊನೆಗೆ ಒಂದು ಕಡೆ ನಿಲ್ಲುತ್ತದೆ. ನಿಂತ ಜಾಗವೇ ಗಡಿ. ಅಲ್ಲಿಂದ ಮುಂದೆ ಕೂದಲೆಳೆಯಷ್ಟೂ ಒತ್ತಾಯ ಮಾಡಬಾರದು, ಏಕೆಂದರೆ ತಾನಾಗಿ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ವಾಚಿನಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ಜಾರಿಕೊಳ್ಳುವ ಏರ್ಪಾಡು ಇರುವಂತೆ ಇದರಲ್ಲಿ ಇರುವುದಿಲ್ಲ. ಇದರಲ್ಲಿ ಸ್ಪ್ರಿಂಗಿನ ತುದಿ ಡಬ್ಬಿಯ ಗೋಡೆಗೆ ಭದ್ರವಾಗಿ ಸಿಕ್ಕಿಕೊಂಡಿರುತ್ತದೆ. ಕೊನೆಯ ಸುತ್ತಿನ ನಂತರ ಕೀಯನ್ನು ಥಟ್ಟನೆ ಬಿಡದೆ ಮೆಲ್ಲಗೆ ಬಿಡುವುದನ್ನೂ ರೂಢಿಸಿಕೊಂಡಿದ್ದೇನೆ.

‘ಜಾಸ್ತಿ ಕೀ ಕೊಟ್ಟು ವಾಚು ಕೆಟ್ಟಿತು’ ಎಂಬ ಮಾತನ್ನು ಎಲ್ಲರ ಮನೆಯಲ್ಲೂ ಕೇಳಿದ್ದೇವೆ, ಮಕ್ಕಳಿಗೆ ವಾಚು ಮುಟ್ಟಲು ಬಿಡದಿರುವುದಕ್ಕೂ ಅದೇ ಕಾರಣವಾಗುತ್ತಿತ್ತು. ಅದು ಸಂಪೂರ್ಣ ಸುಳ್ಳಲ್ಲ. ಹಿಂದಿನ ಕಾಲದ ಉಕ್ಕಿನ ಸ್ಪ್ರಿಂಗುಗಳು ಬೇಗ ತುಂಡಾಗುತ್ತಿದ್ದವು, ಆ ಭಯ ಅಲ್ಲಿಂದ ಬಂದದ್ದು. ಆದರೆ ಪೂರ್ತಿ ಕೀ ಕೊಟ್ಟದ್ದರಿಂದಲೇ ಯಾವ ಆರೋಗ್ಯವಂತ ವಾಚೂ ನಿಲ್ಲುವುದಿಲ್ಲ. ಪೂರ್ತಿ ಕೀ ತುಂಬಿಯೂ ವಾಚು ನಡೆಯುತ್ತಿಲ್ಲ ಎಂದರೆ ಬಲ ಮುಂದಕ್ಕೆ ಹರಿಯದಂತೆ ಏನೋ ತಡೆಯುತ್ತಿದೆ ಎಂದರ್ಥ: ಎಣ್ಣೆ ಒಣಗಿ ಅಂಟಾಗಿರಬಹುದು, ದೂಳು ಸೇರಿರಬಹುದು, ಸೂಕ್ಷ್ಮವಾದ ಯಾವುದೋ ಅಚ್ಚು ಮುರಿದಿರಬಹುದು. ಆಗ ಇನ್ನಷ್ಟು ತಿರುಗಿಸುವುದು ತಪ್ಪು, ರಿಪೇರಿಗೆ ಕೊಡುವುದು ಸರಿ. ಈ ಭಯದಿಂದಲೇ ಅನೇಕರು ಅರೆಬರೆ ಕೀ ಕೊಟ್ಟು ಬಿಡುತ್ತಾರೆ. ನನ್ನ ಅನುಭವದಲ್ಲಿ ಈ ವಾಚಿಗೆ ನಾವು ಮಾಡುವ ದೊಡ್ಡ ಅನ್ಯಾಯ ಅದು.

ಅನ್ಯಾಯ ಏಕೆಂದರೆ, ಪೂರ್ತಿ ತುಂಬಿದ ಸ್ಪ್ರಿಂಗ್ ಈ ವಾಚನ್ನು 40 ಗಂಟೆಗಳ ಆಸುಪಾಸು ನಡೆಸಬಲ್ಲದಾದರೂ, ಆ ಹೊತ್ತೆಲ್ಲ ಒಂದೇ ಬಲದಿಂದ ನಡೆಸುವುದಿಲ್ಲ. ಸ್ಪ್ರಿಂಗ್ ಸಡಿಲವಾದಂತೆ ಬ್ಯಾಲೆನ್ಸ್ ಚಕ್ರದ ತೂಗಾಟದ ಹರವು ಕುಗ್ಗುತ್ತದೆ, ಕುಗ್ಗಿದಂತೆ ಸಮಯದ ನಡೆಯೂ ಬದಲಾಗುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಟ್ಟರೆ ವಾಚು ಯಾವಾಗಲೂ ಸ್ಪ್ರಿಂಗಿನ ಮೇಲ್ಭಾಗದ ಬಲವನ್ನೇ ಬಳಸಿಕೊಳ್ಳುತ್ತದೆ. ರಾತ್ರಿ ಮಲಗುವಾಗ ಕೀ ಕೊಡುವುದಕ್ಕಿಂತ ಬೆಳಿಗ್ಗೆ ಕೊಡುವುದು ಒಳ್ಳೆಯದೆಂದು ನಾನು ಭಾವಿಸುವುದೂ ಇದಕ್ಕೇ. ಹಗಲಿನಲ್ಲಿ ಕೈ ಅಲುಗಾಡುತ್ತದೆ, ಪೆಟ್ಟು ಬೀಳುತ್ತದೆ, ವಾಚು ಗಳಿಗೆಗೊಂದು ಭಂಗಿಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಸ್ಪ್ರಿಂಗ್ ಗಟ್ಟಿಯಾಗಿದ್ದರೆ ಅದೆಲ್ಲವನ್ನೂ ತಾಳಿಕೊಳ್ಳುತ್ತದೆ.

ಸಮಯಪಾಲನೆಯನ್ನು ನಾನು ಒಂದು ತಿಂಗಳು ಮೊಬೈಲಿನ ಸಮಯದೊಡನೆ ಹೋಲಿಸಿ ಬರೆದಿಟ್ಟೆ. ದಿನವೂ ಬೆಳಿಗ್ಗೆ ಏಳಕ್ಕೆ ಕೀ ಕೊಟ್ಟ ವಾರಗಳಲ್ಲಿ ವಾಚು ದಿನಕ್ಕೆ ಸುಮಾರು 12 ಸೆಕೆಂಡು ಮುಂದೆ ಓಡುತ್ತಿತ್ತು, ಆ ಅಂಕಿ ದಿನದಿಂದ ದಿನಕ್ಕೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊಯ್ದಾಡಲಿಲ್ಲ. ಮನಬಂದ ಹೊತ್ತಿಗೆ, ಒಮ್ಮೆ ಬೆಳಿಗ್ಗೆ ಒಮ್ಮೆ ಮರುದಿನ ಸಂಜೆ ಕೀ ಕೊಟ್ಟ ವಾರದಲ್ಲಿ ಒಂದು ದಿನ ಮುಂದೆ, ಇನ್ನೊಂದು ದಿನ ಹಿಂದೆ ಆಗಿ ಯಾವ ಅಂದಾಜಿಗೂ ಸಿಗಲಿಲ್ಲ. ಇಲ್ಲಿ ಗಮನಿಸಬೇಕಾದದ್ದು 12 ಸೆಕೆಂಡಿನ ವ್ಯತ್ಯಾಸವನ್ನಲ್ಲ. ದಿನವೂ ಒಂದೇ ಅಳತೆಯಲ್ಲಿ ಮುಂದೆ ಹೋಗುವ ವಾಚನ್ನು ರಿಪೇರಿಯವರು ಹಿಂಬದಿ ಮುಚ್ಚಳ ತೆಗೆದು, ಬ್ಯಾಲೆನ್ಸಿನ ಮೇಲಿರುವ ಸಣ್ಣ ಕಡ್ಡಿಯನ್ನು ತುಸು ಸರಿಸಿ ತಿದ್ದಿಕೊಡಬಲ್ಲರು, ಅಳತೆಯೇ ಇಲ್ಲದೆ ಹೊಯ್ದಾಡುವುದನ್ನು ಹಾಗೆ ತಿದ್ದಲಾಗದು. ಬ್ಯಾಟರಿಯ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಇದು ಐದು ಸಲ ಮಿಡಿಯುತ್ತದೆ. ಆ ಲೆಕ್ಕದಲ್ಲಿ 86,400 ಸೆಕೆಂಡುಗಳ ದಿನವೊಂದರಲ್ಲಿ 12 ಸೆಕೆಂಡು ಆಚೀಚೆ ಆಗುವುದು, ಅದೂ ನನಗಿಂತ ಹಿರಿಯ ವಾಚಿನಲ್ಲಿ, ಅಭಿಮಾನಪಡಬೇಕಾದ ಸಂಗತಿ.

ಮುಚ್ಚಳ ತೆಗೆಯದೆಯೂ ಈ ವ್ಯತ್ಯಾಸವನ್ನು ತಕ್ಕಮಟ್ಟಿಗೆ ತಿದ್ದಿಕೊಳ್ಳುವ ದಾರಿಯೊಂದಿದೆ. ಬ್ಯಾಲೆನ್ಸ್ ಚಕ್ರದ ಅಚ್ಚು ನೆಟ್ಟಗೆ ನಿಂತಾಗ ಒಂದು ನಡೆ, ಅಡ್ಡ ಮಲಗಿದಾಗ ಇನ್ನೊಂದು ನಡೆ. ರಾತ್ರಿ ಡಯಲ್ ಮೇಲೆ ಮಾಡಿ ಮಲಗಿಸಿದರೆ ನನ್ನ ವಾಚು ಮುಂದೆ ಓಡುತ್ತದೆ, ಕೀ ಮೇಲೆ ಬರುವಂತೆ ಅಂಚಿನ ಮೇಲೆ ನಿಲ್ಲಿಸಿದರೆ ನಿಧಾನವಾಗುತ್ತದೆ. ಈಗ ಮಡಿಸಿದ ಕರವಸ್ತ್ರಕ್ಕೆ ಆನಿಸಿ ಹಾಗೆ ನಿಲ್ಲಿಸುತ್ತೇನೆ. ದಿನದ ವ್ಯತ್ಯಾಸ ಐದು ಸೆಕೆಂಡಿಗೆ ಇಳಿದಿದೆ, ವಾರಕ್ಕೊಮ್ಮೆ ಭಾನುವಾರ ಸಮಯ ಹೊಂದಿಸಿದರೆ ಸಾಕಾಗುತ್ತದೆ. ಪ್ರತಿಯೊಂದು ವಾಚಿಗೂ ತನ್ನದೇ ಒಂದು ಒಲವಿರುತ್ತದೆ, ಆದ್ದರಿಂದ ನಿಮ್ಮದರ ಒಲವನ್ನು ನೀವೇ ಒಂದೆರಡು ವಾರ ನೋಡಿ ಕಂಡುಕೊಳ್ಳಬೇಕು. ಇನ್ನು, ಕೀ ಹೊರಗೆಳೆದರೆ ನನ್ನ ವಾಚಿನ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಸೆಕೆಂಡಿಗೆ ಸರಿಯಾಗಿ ಹೊಂದಿಸಲೇಬೇಕು ಎನ್ನುವವರಿಗೆ ಇದು ಇರುಸುಮುರುಸು ಉಂಟುಮಾಡಬಹುದು.

ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಈ ವಾಚನ್ನು ಕಟ್ಟಿಕೊಂಡು ಸ್ನಾನ ಮಾಡುವುದಾಗಲಿ, ಪಾತ್ರೆ ತೊಳೆಯುವುದಾಗಲಿ, ಮಳೆಯಲ್ಲಿ ನಡೆಯುವುದಾಗಲಿ ಕೂಡದು. ಆಕಸ್ಮಾತ್ ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಬಿಸಿಲಿಗಿಟ್ಟು ಒಣಗಿಸಿ ಸುಮ್ಮನಾಗಬೇಡಿ. ಮಂಜು ಕಣ್ಣಿಗೆ ಕಾಣದಾದರೂ ತೇವ ಉಕ್ಕಿನ ಭಾಗಗಳ ಮೇಲೆ ಉಳಿದು ತುಕ್ಕಾಗುತ್ತದೆ, ಅದೇ ದಿನ ತೆಗೆದುಕೊಂಡು ಹೋಗಿ ಬಿಚ್ಚಿಸಬೇಕು. ಬೆವರು ಇನ್ನೊಂದು ಬಗೆಯ ನೀರು. ಹಿಂಬದಿಯಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಕೊರೆದಿದ್ದರೆ ಸ್ಟೀಲಿನದು ಹಿಂಬದಿ ಮಾತ್ರ, ಸುತ್ತಲಿನ ಕವಚ ಬೇರೆ ಲೋಹದ ಮೇಲೆ ಕ್ರೋಮ್ ಲೇಪಿಸಿದ್ದಾಗಿರುತ್ತದೆ ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ. ಕರಾವಳಿಯಲ್ಲಿರುವವರೂ, ಬೇಸಿಗೆಯಲ್ಲಿ ಬಯಲುಸೀಮೆಯಲ್ಲಿ ಓಡಾಡುವವರೂ ಸಂಜೆ ವಾಚು ಬಿಚ್ಚಿದ ಕೂಡಲೇ ಮೆತ್ತನೆಯ ಒಣಬಟ್ಟೆಯಿಂದ ಹಿಂಬದಿಯನ್ನೂ ಪಟ್ಟಿ ಸಿಕ್ಕಿಸುವ ಕಿವಿಗಳನ್ನೂ ಒರೆಸಿಡುವುದು ಒಳ್ಳೆಯದು.

ಗಾಜು ಎನ್ನುತ್ತೇವಾದರೂ ಅದು ಅಕ್ರಿಲಿಕ್. ಗೀರು ಬೇಗ ಬೀಳುತ್ತದೆ, ಅಷ್ಟೇ ಬೇಗ ಹೋಗುತ್ತದೆ. ಬಿಳಿಯ ಹಲ್ಲುಜ್ಜುವ ಪೇಸ್ಟನ್ನು ಹತ್ತಿಬಟ್ಟೆಗೆ ಚೂರು ಹಚ್ಚಿ ಐದು ನಿಮಿಷ ಮೆಲ್ಲಗೆ ಉಜ್ಜಿ, ಪೇಸ್ಟು ಕೀಯ ಸಂದಿಗೆ ಹೋಗದಂತೆ ನೋಡಿಕೊಂಡು ಒರೆಸಿದರೆ ಸಣ್ಣ ಗೀರುಗಳು ಮಾಯವಾಗುತ್ತವೆ. ಸ್ಪಿರಿಟ್, ಥಿನ್ನರ್, ಕೈಗೆ ಹಚ್ಚುವ ಸ್ಯಾನಿಟೈಸರ್ ಇವನ್ನು ಮಾತ್ರ ತಾಗಿಸಬಾರದು, ಅಕ್ರಿಲಿಕ್‌ನಲ್ಲಿ ಜೇಡರ ಬಲೆಯಂಥ ಬಿರುಕುಗಳು ಕಾಣಿಸಿಕೊಳ್ಳುತ್ತವೆ.

ನನ್ನ ತಂದೆಯವರ ಕಾಲದಲ್ಲಿ ಅಷ್ಟಾಗಿ ಇಲ್ಲದಿದ್ದ, ಈಗ ಮನೆತುಂಬ ಇರುವ ಅಪಾಯವೆಂದರೆ ಅಯಸ್ಕಾಂತ. ಸ್ಪೀಕರು, ಟ್ಯಾಬ್ಲೆಟ್ಟಿನ ಮುಚ್ಚಳ, ಮೊಬೈಲಿನ ಕವರು, ಕೈಚೀಲದ ಗುಂಡಿ ಎಲ್ಲದರಲ್ಲೂ ಅದಿದೆ. ಬ್ಯಾಲೆನ್ಸನ್ನು ನಡೆಸುವ ಕೂದಲಿನಷ್ಟು ತೆಳ್ಳಗಿನ ಹೇರ್ ಸ್ಪ್ರಿಂಗಿಗೆ ಕಾಂತತ್ವ ಹತ್ತಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ವಾಚು ದಿನಕ್ಕೆ ಕೆಲವು ನಿಮಿಷಗಳಷ್ಟು ಮುಂದೆ ಓಡಬಹುದು. ನಿನ್ನೆಯವರೆಗೆ ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ಹೀಗೆ ಓಡತೊಡಗಿದರೆ ಮೊದಲು ಇದನ್ನೇ ಸಂಶಯಿಸಿ. ಕಾಂತತ್ವ ತೆಗೆಯುವ ಚಿಕ್ಕ ಉಪಕರಣ ರಿಪೇರಿ ಅಂಗಡಿಗಳಲ್ಲಿರುತ್ತದೆ, ಅರ್ಧ ನಿಮಿಷದ ಕೆಲಸ, ಯಂತ್ರವನ್ನು ಬಿಚ್ಚಬೇಕಾಗಿಲ್ಲ.

ಸರ್ವಿಸಿನ ವಿಷಯದಲ್ಲಿ ನನಗೊಂದು ಕಹಿ ಅನುಭವವಾಗಿದೆ. ಬೀರುವಿನಿಂದ ತೆಗೆದ ವಾಚನ್ನು ಮೊದಲು ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅವರು ಯಂತ್ರವನ್ನು ಬಿಡಿಬಿಡಿಯಾಗಿ ಬಿಚ್ಚದೆ ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ, ಮೇಲೆ ಎಣ್ಣೆ ಬಿಟ್ಟು ಒಂದು ಗಂಟೆಯಲ್ಲಿ ಹಿಂದಕ್ಕೆ ಕೊಟ್ಟರು. ವಾಚು ನಡೆಯಿತು, ನಾನೂ ಸಂತೋಷಪಟ್ಟೆ. ಐದನೆಯ ತಿಂಗಳಿಗೆ ನಿಂತಿತು. ಆಮೇಲೆ ಸಿಕ್ಕವರು ಐವತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ಹಿರಿಯರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಕರಗಿದ ಹಳೆಯ ಜಿಡ್ಡೆಲ್ಲ ಹರಿದುಹೋಗಿ ಅಚ್ಚುಗಳ ಸಂದಿಯಲ್ಲಿ ನಿಂತಿದೆ ಎಂದು ನನಗೂ ತೋರಿಸಿದರು. ಇದರಲ್ಲಿ 17 ಜ್ಯುವೆಲ್, ಅಂದರೆ ಅಚ್ಚುಗಳು ಸವೆಯದಿರಲೆಂದು ಕೂರಿಸಿದ ಹದಿನೇಳು ಕೃತಕ ಕೆಂಪುಹರಳುಗಳಿವೆ. ಹರಳಿನ ಬಟ್ಟಲಿಗೆ ಸೂಜಿಯ ಮೊನೆಯಷ್ಟು ಎಣ್ಣೆ ಬೇಕು, ಹೆಚ್ಚಾದರೆ ಅದು ಹರಡಿಕೊಂಡು ಬೇಕಾದಲ್ಲಿ ನಿಲ್ಲುವುದಿಲ್ಲ. ಅವರು ಎಲ್ಲವನ್ನೂ ಬಿಚ್ಚಿ ತೊಳೆದು, ಮುಖ್ಯ ಸ್ಪ್ರಿಂಗನ್ನು ಹೊಸದಾಗಿ ಹಾಕಿ, ಹತ್ತು ದಿನ ಇಟ್ಟುಕೊಂಡು ನೋಡಿ ಕೊಟ್ಟರು. ಹಾಗಾಗಿ ಯಾರಿಗೆ ಕೊಡುವುದಾದರೂ ಮೊದಲು ಎರಡು ಮಾತು ಕೇಳಿ: ಪೂರ್ತಿ ಬಿಚ್ಚಿ ತೊಳೆಯುತ್ತೀರಾ, ಮಾಡಿದ ಮೇಲೆ ಎಷ್ಟು ದಿನ ನಡೆಸಿ ನೋಡುತ್ತೀರಾ? ಇಂದೇ ಸಂಜೆ ಕೊಡುತ್ತೇನೆ ಎನ್ನುವವರಿಂದ ವಾಚನ್ನು ಹಿಂದಕ್ಕೆ ಪಡೆದುಕೊಳ್ಳಿ. ದಿನವೂ ಬಳಸುವ ವಾಚಿಗೆ ನಾಲ್ಕೈದು ವರ್ಷಕ್ಕೊಮ್ಮೆ ಇಂಥ ಸರ್ವಿಸ್ ಬೇಕು.

ಆ ಹಿರಿಯರು ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ತೋರಿಸಿದ್ದು ನನಗೆ ಮರೆಯಲಾಗದು. ಅಲ್ಲಿ ಸೂಜಿಯಿಂದ ಗೀಚಿದ ಸಣ್ಣ ಅಂಕಿಗಳಿದ್ದವು: 1984, 1989, 1993. ರಿಪೇರಿಯವರು ತಾವು ಕೆಲಸ ಮಾಡಿದ ವರ್ಷವನ್ನು ಹಾಗೆ ಗುರುತು ಮಾಡಿಡುವುದುಂಟು. ಮಾಸ್ತರಿಕೆಯ ಸಂಬಳದಲ್ಲಿ ಮೂವರು ಮಕ್ಕಳನ್ನು ಓದಿಸುತ್ತಿದ್ದ ದಿನಗಳಲ್ಲಿಯೂ ತಂದೆಯವರು ಸರ್ವಿಸ್ ತಪ್ಪಿಸಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಅಂಕಿಗಳಿಂದ. ಹಳೆಯ ವಾಚು ಕೊಳ್ಳುವವರು ಸಾಧ್ಯವಾದರೆ ಮುಚ್ಚಳ ತೆಗೆಸಿ ಈ ಗುರುತುಗಳನ್ನು ನೋಡಬೇಕು, ಮಾರುವವರ ಮಾತಿಗಿಂತ ಅವು ಹೆಚ್ಚು ಹೇಳುತ್ತವೆ.

ಕೊಳ್ಳುವ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಆನ್‌ಲೈನಿನಲ್ಲಿ ‘ಹಳೆಯ ಜನತಾ’ ಎಂದು ಮಾರಾಟವಾಗುವ ವಾಚುಗಳಲ್ಲಿ ಡಯಲ್ಲಿಗೆ ಹೊಸದಾಗಿ ಬಣ್ಣ ಹೊಡೆದು ಅಕ್ಷರ ಅಚ್ಚು ಮಾಡಿದವು ಬಹಳಷ್ಟಿವೆ. ಕವಚ ಸವೆದಿದ್ದು ಡಯಲ್ ಮಾತ್ರ ಹೊಳೆಯುತ್ತಿದ್ದರೆ, ಕಂಪನಿ ತಯಾರಿಸಿದ ವಾಚಿನಲ್ಲಿ ಕಾಣದ ಗಾಢ ಬಣ್ಣಗಳಿದ್ದರೆ, ದೇವನಾಗರಿ ಅಕ್ಷರಗಳ ಅಂಚು ಹರಡಿಕೊಂಡಿದ್ದರೆ, ನಿಮಿಷದ ಗೆರೆಗಳು ಮುಳ್ಳಿನ ತುದಿಗೆ ಸರಿಹೊಂದದಿದ್ದರೆ ಅದನ್ನು ಬಿಟ್ಟುಬಿಡಿ. ಅಂಥ ಡಯಲ್ಲಿನ ಹಿಂದಿರುವ ಯಂತ್ರವೂ ನಾಲ್ಕಾರು ವಾಚುಗಳಿಂದ ಕೂಡಿಸಿದ್ದಾಗಿರುವ ಸಂಭವ ಹೆಚ್ಚು. ಮಾಸಿದ, ಚುಕ್ಕೆ ಬಿದ್ದ ಅಸಲಿ ಡಯಲ್ಲಿನ ವಾಚೇ ನನ್ನ ಆಯ್ಕೆ. ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯ, ಅಜ್ಜನ ಮನೆಯ ಬೀರುಗಳನ್ನು ಹುಡುಕಿ. ಕರ್ನಾಟಕದಲ್ಲಿ ಎಚ್‌ಎಂಟಿ ವಾಚು ಬಂದಿರದ ಮನೆ ಕಡಿಮೆ. ಸಿಕ್ಕ ವಾಚಿಗೆ ತಕ್ಷಣ ಪೂರ್ತಿ ಕೀ ಕೊಟ್ಟು ದಿನಗಟ್ಟಲೆ ನಡೆಸಬೇಡಿ. ಒಣಗಿದ ಎಣ್ಣೆಯಲ್ಲಿ ನಡೆದಷ್ಟೂ ಅಚ್ಚುಗಳು ಸವೆಯುತ್ತವೆ. ನಾಲ್ಕು ಸುತ್ತು ಕೊಟ್ಟು, ಕಿವಿಗಿಟ್ಟು ಕೇಳಿ, ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ ಮೊದಲು ಸರ್ವಿಸಿಗೆ ಕೊಡಿ.

ಬೆರಳುಗಳಲ್ಲಿ ನೋವಿರುವ ಹಿರಿಯರಿಗೆ, ನೀರಿನಲ್ಲಿ ಕೈಯಾಡಿಸುತ್ತಲೇ ಕೆಲಸ ಮಾಡಬೇಕಾದವರಿಗೆ, ವಾರಕ್ಕೊಂದು ವಾಚು ಬದಲಾಯಿಸುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ದಿನವೂ ಒಂದೇ ವಾಚು ಕಟ್ಟುವವರು, ಬೆಳಿಗ್ಗೆ ಅರ್ಧ ನಿಮಿಷ ಅದರೊಡನೆ ಕೂರಬಲ್ಲವರು ಧೈರ್ಯವಾಗಿ ತೆಗೆದುಕೊಳ್ಳಬಹುದು. ಸರ್ವಿಸ್ ಮಾಡಿಸಿ ತಂದ ದಿನ ವಾಚನ್ನು ತಂದೆಯವರ ಕೈಗೆ ಕೊಟ್ಟಾಗ ಅವರು ಡಯಲ್ ನೋಡಲಿಲ್ಲ. ಮೊದಲು ಕಿವಿಗೆ ಹಿಡಿದರು, ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಕೀಯನ್ನು ಎರಡು ಸುತ್ತು ತಿರುಗಿಸಿ, “ಸ್ಪ್ರಿಂಗ್ ಹೊಸದು ಹಾಕಿಸಿದ್ದೀಯ” ಎಂದರು. ನಾನು ಅದನ್ನು ಅವರಿಗೆ ಹೇಳಿರಲಿಲ್ಲ.